ಕಾಣದ ಹೋರಿಯ ಕರು

ಜೀವ ವಿಮಾ ನಿಗಮದ ವಸತಿಗಳಿಂದ ಹೆಸರು ಪಡೆದ ಜೀವನ್ ಬಿಮಾ ನಗರವು ಬೆಂಗಳೂರಿನ ಪೂರ್ವಭಾಗದಲ್ಲಿದೆ. ಅದರ ಸುತ್ತಲಿನ ಕೋಡಿಹಳ್ಳಿ, ತಿಪ್ಪಸಂದ್ರ, ಮುರುಗೇಶಪಾಳ್ಯ ಮುಂತಾದ ಹಳೆಯ ಊರುಗಳು ಈಗ ನಗರದೊಳಗೆ ಸೇರಿಹೋಗಿವೆ. ಹೊಲಗಳು ಮಾಯವಾದವು, ಆದರೆ ಹಸುಗಳು ಪೂರ್ತಿಯಾಗಿ ಮಾಯವಾಗಲಿಲ್ಲ. ಅಲ್ಲಲ್ಲಿ ಮನೆಯ ಹಿಂದಿನ ತಗಡಿನ ಚಾವಣಿಯ ಕೆಳಗೆ ಒಂದೆರಡು ಹಸುಗಳನ್ನು ಕಟ್ಟಿಕೊಂಡು ಹಾಲು ಮಾರಿ ಜೀವಿಸುವ ಸಂಸಾರಗಳು ಇನ್ನೂ ಇವೆ. ಈ ಹಸುಗಳ ಮೈಮೇಲೆ ಸಾಮಾನ್ಯವಾಗಿ ಕಪ್ಪು ಬಿಳುಪಿನ ಮಚ್ಚೆಗಳಿರುತ್ತವೆ; ನಾಟಿ ಹಸುವಿಗಿರುವಂತೆ ಎದ್ದುಕಾಣುವ ಹಿಣಿಲು ಇರುವುದಿಲ್ಲ. ಜನರು ಇವನ್ನು ಸೀಮೆಹಸು ಎಂದು ಕರೆಯುತ್ತಾರೆ. ಈ ಬೀದಿಗಳಲ್ಲಿ ಎಷ್ಟು ಹುಡುಕಿದರೂ ಅಂಥ ಮಚ್ಚೆಯ ಹೋರಿಯೊಂದು ಕಣ್ಣಿಗೆ ಬೀಳುವುದು ಅಪರೂಪ. ಹಾಗಾದರೆ ಇಲ್ಲಿ ವರ್ಷ ವರ್ಷವೂ ಹುಟ್ಟುವ ಕರುಗಳ ತಂದೆ ಎಲ್ಲಿದ್ದಾನೆ?

ಅವನು ಹಲವು ಮೈಲಿಗಳ ದೂರದ ಒಂದು ಹೋರಿಗಳ ಕೇಂದ್ರದಲ್ಲಿರಬಹುದು. ಸತ್ತು ಹತ್ತು ವರ್ಷಗಳಾಗಿದ್ದರೂ ಇರಬಹುದು. ಹಸು ಅವನನ್ನು ಕಂಡಿಲ್ಲ; ಹಸುವಿನ ಒಡೆಯನೂ ಕಂಡಿಲ್ಲ. ಈ ವಿಚಿತ್ರವನ್ನು ಸಾಧಿಸಿರುವ ವಿಧಾನಕ್ಕೆ ಕೃತಕ ಗರ್ಭಧಾರಣೆಯೆಂದು ಹೆಸರು. ಹಳ್ಳಿಗಳಲ್ಲಿ ಇದನ್ನು ‘ಇಂಜೆಕ್ಷನ್ ಕೊಡಿಸುವುದು’ ಎನ್ನುವುದುಂಟು. ಆದರೆ ಇದರಲ್ಲಿ ಸೂಜಿಯೂ ಇಲ್ಲ, ಔಷಧವೂ ಇಲ್ಲ. ಏನಿದೆ ಎಂಬುದನ್ನು ತಿಳಿಯಬೇಕಾದರೆ ಮೊದಲು ಹಸುವಿನ ಶರೀರರಚನೆಯನ್ನು ಸ್ವಲ್ಪ ಪರಿಶೀಲಿಸಬೇಕು.

ಹಸುವಿನ ಜನನಾಂಗಗಳು

ಹಸುವಿನ ಗರ್ಭಕೋಶವು ಒಂದೇ ಚೀಲದಂತಿರದೆ ಟಗರಿನ ಕೊಂಬುಗಳ ಹಾಗೆ ಎರಡು ಕವಲುಗಳಾಗಿ ಬಾಗಿರುತ್ತದೆ. ಇವಕ್ಕೆ ಗರ್ಭಕೋಶದ ಕೊಂಬುಗಳೆಂದೇ ಹೆಸರು. ಪ್ರತಿಯೊಂದು ಕೊಂಬಿನ ತುದಿಯಿಂದಲೂ ದಾರದಂತೆ ಸಣ್ಣದಾದ ಅಂಡನಾಳ ಹೊರಡುತ್ತದೆ. ಅದರ ಕೊನೆಯಲ್ಲಿ ದೊಡ್ಡ ಬಾದಾಮಿಯ ಆಕಾರದ ಅಂಡಾಶಯವಿದೆ. ಎರಡು ಕೊಂಬುಗಳೂ ಹಿಂಭಾಗದಲ್ಲಿ ಕೂಡಿ ಗಿಡ್ಡನೆಯ ಗರ್ಭಕೋಶದ ಒಡಲಾಗುತ್ತವೆ. ಒಡಲಿನ ಬಾಗಿಲೇ ಗರ್ಭಕೋಶದ ಕೊರಳು. ಇದು ಮೂರು ನಾಲ್ಕು ಅಂಗುಲ ಉದ್ದದ ಗಟ್ಟಿಯಾದ ಭಾಗ. ಇದರೊಳಗೆ ಒಂದರ ಹಿಂದೊಂದರಂತೆ ಮೂರು ನಾಲ್ಕು ಮಡಿಕೆಯ ಉಂಗುರಗಳಿದ್ದು ದಾರಿಯನ್ನು ಬಿಗಿಹಿಡಿದಿರುತ್ತವೆ. ರೋಗಾಣುಗಳು ಒಳನುಗ್ಗದಂತೆ ಪ್ರಕೃತಿಯು ಮಾಡಿರುವ ಕಾವಲು ಇದು. ಕೊರಳಿನ ಹಿಂದೆ ಯೋನಿಮಾರ್ಗವಿದೆ.

ಇಲ್ಲಿ ಒಂದು ಸಂಗತಿಯನ್ನು ವಿದ್ಯಾರ್ಥಿಗಳು ಮುಖ್ಯವಾಗಿ ಗಮನಿಸಬೇಕು. ಈ ಅಂಗಗಳೆಲ್ಲವೂ ಸಗಣಿ ಹೊರಬರುವ ದೊಡ್ಡ ಕರುಳಿನ ಕೊನೆಯ ಭಾಗಕ್ಕೆ ನೇರವಾಗಿ ಕೆಳಗಿವೆ. ಆದುದರಿಂದ ಪಶುವೈದ್ಯನು ಕರುಳಿನೊಳಗೆ ಕೈಯಿಟ್ಟು, ಅದರ ಮೆತ್ತನೆಯ ಗೋಡೆಯ ಮೂಲಕ ಗರ್ಭಕೋಶದ ಕೊರಳನ್ನು ಹಿಡಿಯಬಲ್ಲನು, ಅಂಡಾಶಯವನ್ನು ತಡವಿ ನೋಡಬಲ್ಲನು. ದನಗಳಲ್ಲಿ ಕೃತಕ ಗರ್ಭಧಾರಣೆಯು ಇಷ್ಟು ಸುಲಭವಾಗಿ ಹರಡಿದುದಕ್ಕೆ ಈ ಅಂಗವಿನ್ಯಾಸವೂ ಒಂದು ಕಾರಣ.

ಇಪ್ಪತ್ತೊಂದು ದಿನಗಳ ಗಡಿಯಾರ

ಪ್ರಾಯಕ್ಕೆ ಬಂದ ಕಡಸು ಅಥವಾ ಗಬ್ಬವಿಲ್ಲದ ಹಸು ಸುಮಾರು 21 ದಿನಗಳಿಗೊಮ್ಮೆ ಬೆದೆಗೆ ಬರುತ್ತದೆ. ಅಂಡಾಶಯದಲ್ಲಿ ನೀರ್ಗುಳ್ಳೆಯಂಥ ಪುಟ್ಟ ಚೀಲವೊಂದು ಬಲಿಯುತ್ತದೆ; ಅದರೊಳಗೆ ಅಂಡಾಣು ಇರುತ್ತದೆ. ಚೀಲವು ಸ್ರವಿಸುವ ಈಸ್ಟ್ರೋಜನ್ ಎಂಬ ಹಾರ್ಮೋನು ರಕ್ತದಲ್ಲಿ ಹೆಚ್ಚಿದಾಗ ಹಸು ಬೆದೆಯ ಲಕ್ಷಣಗಳನ್ನು ತೋರುತ್ತದೆ. ಆಮೇಲೆ ಚೀಲ ಒಡೆದು ಅಂಡಾಣು ಹೊರಬೀಳುತ್ತದೆ. ಒಡೆದ ಸ್ಥಳದಲ್ಲಿ ಪೀತಪಿಂಡವೆಂಬ ಹಳದಿ ಗಂಟು ಬೆಳೆದು ಪ್ರೊಜೆಸ್ಟಿರೋನ್ ಎಂಬ ಮತ್ತೊಂದು ಹಾರ್ಮೋನನ್ನು ಸ್ರವಿಸುತ್ತದೆ. ಇದು ಗರ್ಭಕೋಶವನ್ನು ಭ್ರೂಣದ ವಾಸಕ್ಕೆ ಸಿದ್ಧಪಡಿಸುತ್ತದೆ. ಭ್ರೂಣವು ನೆಲೆನಿಂತರೆ ಪೀತಪಿಂಡವೂ ಉಳಿಯುತ್ತದೆ, ಬೆದೆಯೂ ನಿಲ್ಲುತ್ತದೆ. ಭ್ರೂಣವಿಲ್ಲದಿದ್ದರೆ ಹದಿನಾರು ಹದಿನೇಳನೆಯ ದಿನದ ಹೊತ್ತಿಗೆ ಗರ್ಭಕೋಶವೇ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುವನ್ನು ಕಳುಹಿಸಿ ಪೀತಪಿಂಡವನ್ನು ಕರಗಿಸುತ್ತದೆ. ಗಡಿಯಾರವು ಮತ್ತೆ ಮೊದಲಿನಿಂದ ನಡೆಯತೊಡಗುತ್ತದೆ.

ಬೆದೆಯು ಇರುವ ಅವಧಿ ಬಹಳ ಕಡಿಮೆ. ಸಾಮಾನ್ಯವಾಗಿ 12ರಿಂದ 18 ಗಂಟೆಗಳು ಮಾತ್ರ. ಅಂಡಾಣು ಹೊರಬೀಳುವುದು ಬೆದೆ ಮುಗಿದು ಇನ್ನೂ ಹತ್ತು ಹನ್ನೆರಡು ಗಂಟೆಗಳು ಕಳೆದ ಮೇಲೆ. ಹೊರಬಿದ್ದ ಅಂಡಾಣು ಫಲಿಸುವ ಶಕ್ತಿಯನ್ನು ಉಳಿಸಿಕೊಂಡಿರುವುದು ಕೆಲವೇ ಗಂಟೆಗಳ ಕಾಲ. ಹೋರಿಯ ವೀರ್ಯಾಣುಗಳು ಸುಮಾರು ಒಂದು ದಿನ ಬದುಕಿರಬಲ್ಲವಾದರೂ, ಹಸುವಿನ ಜನನಮಾರ್ಗದಲ್ಲಿ ಕೆಲವು ಗಂಟೆಗಳನ್ನು ಕಳೆದ ಹೊರತು ಅವಕ್ಕೆ ಅಂಡಾಣುವನ್ನು ಭೇದಿಸುವ ಸಾಮರ್ಥ್ಯ ಬರುವುದಿಲ್ಲ. 1951ರಲ್ಲಿ ಆಸ್ಟಿನ್ ಮತ್ತು ಚಾಂಗ್ ಎಂಬ ವಿಜ್ಞಾನಿಗಳು ಬೇರೆ ಬೇರೆಯಾಗಿ ಬೇರೆ ಪ್ರಾಣಿಗಳಲ್ಲಿ ಈ ತತ್ತ್ವವನ್ನು ಕಂಡುಹಿಡಿದರು. ಅಂದಮೇಲೆ ವೀರ್ಯಾಣುಗಳು ಅಂಡಾಣುವಿಗಿಂತ ಮುಂಚಿತವಾಗಿಯೇ ಹೋಗಿ ಕಾದಿರಬೇಕು. ಆದರೆ ಬಹಳ ಮುಂಚಿತವಾಗಿ ಹೋಗಬಾರದು.

ಈ ಲೆಕ್ಕಾಚಾರದಿಂದ ಹುಟ್ಟಿದ್ದೇ ಪಶುಪಾಲಕರೆಲ್ಲರೂ ಬಾಯಿಪಾಠ ಮಾಡಿಕೊಂಡಿರುವ ಸೂತ್ರ: ಬೆಳಿಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಬೇಕು. ಹಸು ಪದೇ ಪದೇ ಕೂಗುವುದು, ಮೇವಿನಲ್ಲಿ ಆಸಕ್ತಿ ತಗ್ಗುವುದು, ಹಾಲು ಕಡಿಮೆಯಾಗುವುದು, ಗಾಜಿನ ಎಳೆಯಂಥ ಸ್ವಚ್ಛವಾದ ಲೋಳೆ ಸುರಿಯುವುದು ಇವೆಲ್ಲ ಬೆದೆಯ ಚಿಹ್ನೆಗಳು. ಆದರೆ ಎಲ್ಲಕ್ಕಿಂತ ನಿಶ್ಚಿತವಾದ ಚಿಹ್ನೆಯೆಂದರೆ ಬೇರೊಂದು ದನ ಮೇಲೆ ಹತ್ತಿದಾಗ ಕದಲದೆ ನಿಲ್ಲುವುದು. ನಗರದ ಹಸುವಿಗೆ ಇರುವ ಕಷ್ಟವೇ ಇದು. ಒಂಟಿಯಾಗಿ ಹಗ್ಗದಲ್ಲಿ ಕಟ್ಟಿಹಾಕಿದ ಹಸುವಿನ ಮೇಲೆ ಹತ್ತಲು ಜೊತೆಯ ದನವೆಲ್ಲಿ? ಅನೇಕ ಹಸುಗಳಲ್ಲಿ ಬೆದೆ ರಾತ್ರಿಯ ವೇಳೆಯಲ್ಲೇ ಆರಂಭವಾಗಿ, ಮನೆಯವರು ನೋಡುವ ಹೊತ್ತಿಗೆ ಅರ್ಧ ಕಳೆದಿರುತ್ತದೆ. ಎಮ್ಮೆಗಳಲ್ಲಂತೂ ಹೊರಚಿಹ್ನೆಗಳಿಲ್ಲದ ಮೂಕ ಬೆದೆಯೇ ಹೆಚ್ಚು. ಒಂದು ಬೆದೆ ತಪ್ಪಿತೆಂದರೆ 21 ದಿನ ತಪ್ಪಿತು. ಮೂರು ಬೆದೆ ತಪ್ಪಿದರೆ ಎರಡು ತಿಂಗಳ ಮೇವು ವ್ಯರ್ಥವಾಯಿತು. ಮುಂದಿನ ಕರುವೂ, ಅದರೊಡನೆ ಬರುವ ಹಾಲೂ ಅಷ್ಟೇ ಕಾಲ ಹಿಂದೆ ಸರಿಯಿತು. ಹಾಲು ಮಾರಿ ಬದುಕುವ ಬಡಸಂಸಾರಕ್ಕೆ ಇದು ಸಣ್ಣ ನಷ್ಟವಲ್ಲ.

ಒಂದು ಸ್ಖಲನ, ನೂರಾರು ಕರುಗಳು

ಕೃತಕ ಗರ್ಭಧಾರಣೆಯ ಪ್ರಯೋಗ ಹೊಸದೇನೂ ಅಲ್ಲ. ಇಟಲಿಯ ಸ್ಪಲ್ಲಾಂಜಾನಿ ಎಂಬ ಪ್ರಕೃತಿವಿಜ್ಞಾನಿ ಹದಿನೆಂಟನೆಯ ಶತಮಾನದಲ್ಲಿಯೇ ಒಂದು ಹೆಣ್ಣುನಾಯಿಯಲ್ಲಿ ಈ ವಿಧಾನದಿಂದ ಮರಿಗಳನ್ನು ಪಡೆದಿದ್ದನು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ರಷ್ಯದ ಇವಾನೋವ್ ಇದನ್ನು ಕುದುರೆ, ದನ, ಕುರಿಗಳಿಗೆ ವಿಸ್ತರಿಸಿದನು.

ಭಾರತದಲ್ಲಿ ಇದರ ಮೊದಲ ಪ್ರಯೋಗ ನಡೆದದ್ದು ನಮ್ಮ ಮೈಸೂರಿನಲ್ಲಿಯೇ ಎಂಬುದು ಕನ್ನಡಿಗರು ತಿಳಿದಿರಬೇಕಾದ ವಿಷಯ. 1939ರಲ್ಲಿ ಮೈಸೂರಿನ ಅರಮನೆ ಡೈರಿ ಫಾರಮ್ಮಿನಲ್ಲಿ ಸಂಪತ್ ಕುಮಾರನ್ ಅವರು ಹಾಲೆಂಡ್ ಮೂಲದ ಹೋಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯವನ್ನು ನಮ್ಮ ಹಳ್ಳಿಕಾರ್ ಹಸುಗಳಿಗೆ ಬಳಸಿದರು. 33 ಹಸುಗಳು ಗಬ್ಬವಾದವು. ಅನಂತರ ಇಜ್ಜತ್‌ನಗರದ ಪಶುವೈದ್ಯ ಸಂಶೋಧನ ಸಂಸ್ಥೆಯಲ್ಲಿ ಕೆಲಸ ಮುಂದುವರಿಯಿತು. ಪ್ರಾದೇಶಿಕ ಕೇಂದ್ರಗಳನ್ನು ತೆರೆದಾಗ ಬೆಂಗಳೂರಿಗೂ ಒಂದು ದೊರೆಯಿತು. ಬೆಂಗಳೂರಿಗೆ ಆ ಯೋಗ್ಯತೆ ಆಗಲೇ ಇತ್ತು. ಆಡುಗೋಡಿಯ ಡೈರಿ ಸಂಶೋಧನ ಸಂಸ್ಥೆಯು 1923ರಷ್ಟು ಹಿಂದೆಯೇ ಪಶುಪಾಲನೆ ಮತ್ತು ಡೈರಿ ವಿದ್ಯೆಯನ್ನು ಬೋಧಿಸಲು ಸ್ಥಾಪಿತವಾಗಿತ್ತು. ಮಹಾತ್ಮ ಗಾಂಧಿಯವರು 1927ರಲ್ಲಿ ಬೆಂಗಳೂರಿನಲ್ಲಿ ತಂಗಿದ್ದಾಗ ಗೋಪಾಲನೆಯ ವಿಚಾರಗಳನ್ನು ಇಲ್ಲಿಯೇ ಕಲಿತರು. 1955ರಲ್ಲಿ ಈ ಸಂಸ್ಥೆಯ ಕೇಂದ್ರ ಕಾರ್ಯಾಲಯ ಕರ್ನಾಲಿಗೆ ಹೋಯಿತು. ಆಡುಗೋಡಿಯಲ್ಲಿ ದಕ್ಷಿಣದ ಪ್ರಾದೇಶಿಕ ಕೇಂದ್ರ ಉಳಿಯಿತು.

ಈ ವಿಧಾನದ ಲಾಭವನ್ನು ಒಂದು ಸುಲಭ ಗಣಿತದಿಂದ ತಿಳಿಯಬಹುದು. ಆರೋಗ್ಯವಂತ ಹೋರಿಯಿಂದ ಒಂದು ಸಲಕ್ಕೆ ಸುಮಾರು 5 ಮಿಲಿಲೀಟರ್ ವೀರ್ಯ ದೊರೆಯುತ್ತದೆ ಎಂದಿಟ್ಟುಕೊಳ್ಳೋಣ. ಒಂದು ಮಿಲಿಲೀಟರಿನಲ್ಲಿ ಹೆಚ್ಚುಕಡಿಮೆ 100 ಕೋಟಿ ವೀರ್ಯಾಣುಗಳಿರುತ್ತವೆ. ಒಟ್ಟು 500 ಕೋಟಿ ಆಯಿತು. ಸ್ವಾಭಾವಿಕ ಕೂಟದಲ್ಲಿ ಇವೆಲ್ಲವೂ ಒಂದೇ ಹಸುವಿಗೆ ಸಲ್ಲುತ್ತವೆ. ಆದರೆ ಗರ್ಭಕೋಶದೊಳಗೇ ನೇರವಾಗಿ ಬಿಟ್ಟರೆ ಒಂದು ಹಸುವಿಗೆ 2 ಕೋಟಿ ಸಾಕು. ಅಂದರೆ ಅದೇ ವೀರ್ಯವನ್ನು ತಕ್ಕ ದ್ರಾವಣದಿಂದ ತೆಳುಮಾಡಿ 250 ಹಸುಗಳಿಗೆ ಹಂಚಬಹುದು. ಇದಲ್ಲದೆ ಕೂಟದಿಂದ ಒಂದು ಹಸುವಿನಿಂದ ಇನ್ನೊಂದಕ್ಕೆ ಹರಡುವ ರೋಗಗಳೂ ತಪ್ಪುತ್ತವೆ; ಹೋರಿಯನ್ನು ಸಾಕುವ ವೆಚ್ಚ, ಅದು ಹಾಯುವ ಅಪಾಯ ಎರಡೂ ಒಡೆಯನಿಗಿಲ್ಲ.

ಶೀತದಲ್ಲಿ ನಿದ್ರೆ

ಆರಂಭದಲ್ಲಿ ವೀರ್ಯವನ್ನು ಮೊಟ್ಟೆಯ ಹಳದಿಲೋಳು ಬೆರೆಸಿದ ದ್ರಾವಣದಲ್ಲಿ ತಂಪಾಗಿಟ್ಟು, ಎರಡು ಮೂರು ದಿನಗಳೊಳಗಾಗಿ ಬಳಸಬೇಕಾಗಿತ್ತು. ಹೆಪ್ಪುಗಟ್ಟಿಸಿ ಬಹುಕಾಲ ಕಾಪಾಡಲು ಹೋದರೆ ನೀರು ಮಂಜಿನ ಹರಳುಗಳಾಗಿ, ಆ ಹರಳುಗಳೂ ಅವುಗಳಿಂದ ಹೆಚ್ಚುವ ಲವಣದ ಸಾಂದ್ರತೆಯೂ ವೀರ್ಯಾಣುಗಳನ್ನು ಕೊಲ್ಲುತ್ತಿದ್ದವು. ಇದರ ಪರಿಹಾರ ಆಕಸ್ಮಿಕವಾಗಿ ಒದಗಿತು. ಇಂಗ್ಲೆಂಡಿನಲ್ಲಿ ಪೋಲ್ಜ್, ಸ್ಮಿತ್, ಪಾರ್ಕ್ಸ್ ಎಂಬ ಮೂವರು ಕೋಳಿಯ ವೀರ್ಯಾಣುಗಳನ್ನು ಸಕ್ಕರೆಯ ದ್ರಾವಣದಲ್ಲಿ ಹೆಪ್ಪುಗಟ್ಟಿಸಲು ಯತ್ನಿಸುತ್ತಿದ್ದರು. ಒಮ್ಮೆ ಅನಿರೀಕ್ಷಿತವಾಗಿ ಪ್ರಯೋಗ ಫಲಿಸಿತು. ಸೀಸೆಯನ್ನು ಪರೀಕ್ಷಿಸಿದಾಗ ಅದರ ಹೆಸರಿನ ಚೀಟಿ ಬದಲಾಗಿತ್ತೆಂದೂ, ಒಳಗಿದ್ದುದು ಸಕ್ಕರೆಯಲ್ಲ, ಗ್ಲಿಸರಿನ್ ಇದ್ದ ದ್ರಾವಣವೆಂದೂ ತಿಳಿಯಿತು. 1949ರಲ್ಲಿ ಪ್ರಕಟವಾದ ಈ ಸಂಶೋಧನೆ ಪಶುಸಂಗೋಪನೆಯ ಚರಿತ್ರೆಯನ್ನೇ ಬದಲಿಸಿತು. ಹೆಪ್ಪುಗಟ್ಟಿಸಿದ ವೀರ್ಯದಿಂದ ಮೊದಲ ಕರು ಹುಟ್ಟಿದ ವರದಿ 1951ರಲ್ಲಿ ಹೊರಬಂದಿತು.

ಈಗ ವೀರ್ಯವನ್ನು ಕಾಲು ಮಿಲಿಲೀಟರ್ ಹಿಡಿಸುವ ಸಣ್ಣ ಪ್ಲಾಸ್ಟಿಕ್ ಕೊಳವೆಗಳಲ್ಲಿ ತುಂಬಿ ದ್ರವರೂಪದ ಸಾರಜನಕದಲ್ಲಿ ಮುಳುಗಿಸಿಡುತ್ತಾರೆ. ಇದರ ಉಷ್ಣತೆ ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅಂಥ ಶೀತದಲ್ಲಿ ಜೀವಕೋಶದ ರಾಸಾಯನಿಕ ಕ್ರಿಯೆಗಳೆಲ್ಲ ನಿಂತುಹೋಗುವುದರಿಂದ ವೀರ್ಯಾಣುವಿಗೆ ಮುಪ್ಪು ಎಂಬುದೇ ಇಲ್ಲ. ಬೆಂಗಳೂರಿಗೆ ಸಮೀಪದ ಹೆಸರಘಟ್ಟದಲ್ಲಿ 1969ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಘನೀಕೃತ ವೀರ್ಯದ ಕೇಂದ್ರ ಸಂಸ್ಥೆ ಸ್ಥಾಪಿತವಾಯಿತು. ಉತ್ಪಾದನೆಯ ಜೊತೆಗೆ ತರಬೇತಿಯೂ ಅದರ ಕೆಲಸ.

ಬೆದೆಗೆ ಬಂದ ಹಸುವಿನ ಬಳಿಗೆ ಕಾರ್ಯಕರ್ತನು ಸಾರಜನಕದ ಜಾಡಿಯೊಡನೆ ಬರುತ್ತಾನೆ. ಒಂದು ಕೊಳವೆಯನ್ನು ಹೊರತೆಗೆದು 37 ಡಿಗ್ರಿಯ ಬೆಚ್ಚನೆಯ ನೀರಿನಲ್ಲಿ ಸುಮಾರು ಅರ್ಧ ನಿಮಿಷ ಅದ್ದುತ್ತಾನೆ. ಉದ್ದನೆಯ ಸಣ್ಣ ಲೋಹದ ಸಾಧನದಲ್ಲಿ ಅದನ್ನು ಕೂರಿಸುತ್ತಾನೆ. ಎಡಗೈಯನ್ನು ಕರುಳಿನ ಮೂಲಕ ಹಾಯಿಸಿ ಗರ್ಭಕೋಶದ ಕೊರಳನ್ನು ಹಿಡಿದು, ಬಲಗೈಯಿಂದ ಸಾಧನವನ್ನು ಯೋನಿಮಾರ್ಗದಲ್ಲಿ ಸಾಗಿಸುತ್ತಾನೆ. ಒಂದೊಂದೇ ಉಂಗುರವನ್ನು ದಾಟಿ ಕೊರಳಿನ ಆಚೆ ಒಡಲಿಗೆ ಬಂದೊಡನೆ ವೀರ್ಯವನ್ನು ನಿಧಾನವಾಗಿ ಬಿಡುತ್ತಾನೆ. ನಿಪುಣನಿಗೆ ಇದು ಕೆಲವೇ ನಿಮಿಷಗಳ ಕೆಲಸ. ಗಬ್ಬ ನಿಂತರೆ ಸುಮಾರು 280 ದಿನಗಳಿಗೆ ಹಸು ಈಯುತ್ತದೆ. ಎಮ್ಮೆಗೆ ಇನ್ನೊಂದು ತಿಂಗಳು ಹೆಚ್ಚು ಬೇಕು.

ಯಾವ ಹೋರಿಯನ್ನು ಆರಿಸಬೇಕು?

ಇಷ್ಟು ಹೊತ್ತು ಹೇಳಿದ್ದು ಕೈಗಾರಿಕೆಯ ಮಾತಾಯಿತು. ಹೆಚ್ಚು ಕಠಿಣವಾದ ಪ್ರಶ್ನೆ ಬೇರೆ ಇದೆ. ಹೋರಿ ಹಾಲು ಕೊಡುವುದಿಲ್ಲ. ಅದರ ಮೈಕಟ್ಟನ್ನು ನೋಡಿ ಅದರ ಮಗಳ ಕೆಚ್ಚಲನ್ನು ಊಹಿಸಲಾಗುವುದಿಲ್ಲ. ಅದರ ಹೆಣ್ಣುಸಂತಾನ ಬೆಳೆದು, ಈದು, ಹಾಲು ಕರೆದ ಮೇಲೆಯೇ ತಂದೆಯ ಯೋಗ್ಯತೆ ಬೆಳಕಿಗೆ ಬರಬೇಕು. ಇದಕ್ಕೆ ಸಂತತಿ ಪರೀಕ್ಷೆಯೆಂದು ಹೆಸರು. ಇದು ಮುಗಿಯುವುದಕ್ಕೆ ಹಲವು ವರ್ಷಗಳು ಹಿಡಿಯುತ್ತವೆ. ಹೆಪ್ಪುಗಟ್ಟಿಸಿದ ವೀರ್ಯವಿರುವುದರಿಂದಲೇ, ಫಲಿತಾಂಶ ಬರುವಷ್ಟರಲ್ಲಿ ಹೋರಿ ಮುದಿಯಾದರೂ ಸತ್ತರೂ ಅದರ ಉಪಯೋಗ ದೊರೆಯುತ್ತದೆ.

ನಮ್ಮ ನಾಡಿನಲ್ಲಿ ಆಯ್ಕೆ ಇನ್ನೂ ಜಟಿಲ. ಹಳೆಯ ಮೈಸೂರಿನ ಹಳ್ಳಿಕಾರ್ ಮತ್ತು ಅಮೃತಮಹಲ್ ತಳಿಗಳು ದುಡಿಮೆಗೆ ಹೆಸರಾದವು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂದಾಯಿತು. ಆ ದನಗಳು ಸೈನ್ಯದ ಸಾಮಾನು ಸಾಗಿಸಿ ಕೀರ್ತಿ ಗಳಿಸಿದವು. ಅವುಗಳನ್ನು ನೂರಾರು ವರ್ಷ ಆರಿಸಿದ್ದು ವೇಗಕ್ಕೂ ತಾಳ್ಮೆಗೂ ಹೊರತು ಹಾಲಿಗಲ್ಲ. ಆದುದರಿಂದ ಅವು ಕೊಡುವ ಹಾಲು ಕಡಿಮೆ. ಹೋಲ್‌ಸ್ಟೀನ್ ತಳಿಯನ್ನು ಆರಿಸಿದ್ದು ಹಾಲಿಗಾಗಿ. ಅದು ಶೀತದೇಶದ ಪ್ರಾಣಿ. ನಮ್ಮ ಬಿಸಿಲು, ಉಣ್ಣೆಗಳು, ಉಣ್ಣೆಗಳಿಂದ ಹರಡುವ ಜ್ವರಗಳು ಅದಕ್ಕೆ ಒಗ್ಗುವುದಿಲ್ಲ. ಎರಡನ್ನೂ ಕೂಡಿಸಿದಾಗ ಮೊದಲ ಪೀಳಿಗೆಯ ಮಿಶ್ರತಳಿಯಲ್ಲಿ ತಂದೆಯ ಹಾಲೂ ತಾಯಿಯ ಸಹನೆಯೂ ಬಹುಮಟ್ಟಿಗೆ ಬೆರೆಯುತ್ತವೆ. ಬೆಂಗಳೂರು ಸಮುದ್ರಮಟ್ಟದಿಂದ 3,000 ಅಡಿ ಎತ್ತರದಲ್ಲಿದ್ದು ಹವೆಯು ಹಿತವಾಗಿರುವುದು ಇವಕ್ಕೆ ಅನುಕೂಲವಾಯಿತು.

ಆದರೆ ಎರಡನೆಯ ಪೀಳಿಗೆಯಲ್ಲಿ ಏನಾಗುತ್ತದೆ? ಮೆಂಡಲನ ನಿಯಮಗಳನ್ನು ಓದಿರುವ ವಿದ್ಯಾರ್ಥಿ ಇದಕ್ಕೆ ಉತ್ತರ ಹೇಳಬಲ್ಲನು. ಮೊದಲ ಪೀಳಿಗೆಯ ಹಸುವಿಗೆ ಪ್ರತಿಯೊಂದು ಗುಣಾಂಶದ ಜೋಡಿಯಲ್ಲಿಯೂ ಒಂದು ದೇಶೀಯ, ಒಂದು ವಿದೇಶೀಯ. ಅದಕ್ಕೆ ಅಂಥದೇ ಮಿಶ್ರ ಹೋರಿಯ ಸಂಬಂಧ ಮಾಡಿದರೆ, ಮಕ್ಕಳಲ್ಲಿ ಅರ್ಧದಷ್ಟು ಜೋಡಿಗಳು ಮಾತ್ರ ಹಾಗೆ ಮಿಶ್ರವಾಗಿ ಉಳಿಯುತ್ತವೆ. ಬೆರಕೆಯಿಂದ ಬಂದ ಹುರುಪು ತಗ್ಗುತ್ತದೆ. ಅದರ ಬದಲು ಶುದ್ಧ ಹೋಲ್‌ಸ್ಟೀನ್ ವೀರ್ಯವನ್ನೇ ಮತ್ತೆ ಮತ್ತೆ ಬಳಸಿದರೆ ವಿದೇಶಿ ಅಂಶ 50ರಿಂದ 75ಕ್ಕೆ, ಅಲ್ಲಿಂದ 87.5ಕ್ಕೆ ಏರುತ್ತದೆ, ಹಾಲಿನ ಆಸೆಯಿಂದ ಕರೆತಂದ ಹಸು ಬಿಸಿಲಿಗೂ ಜ್ವರಕ್ಕೂ ಸೋಲುತ್ತದೆ. ಆದುದರಿಂದಲೇ ತಜ್ಞರು ವಿದೇಶಿ ಅಂಶಕ್ಕೆ ಒಂದು ಮಿತಿಯನ್ನು ಹಾಕಬೇಕೆನ್ನುತ್ತಾರೆ. ಜೊತೆಗೆ, ಎಲ್ಲ ನಾಟಿ ಹಸುಗಳಿಗೂ ವಿದೇಶಿ ವೀರ್ಯವನ್ನೇ ಕೊಟ್ಟರೆ ಹಳ್ಳಿಕಾರ್ ತಳಿಯೇ ಉಳಿಯುವುದೆಂತು? ಶತಮಾನಗಳಿಂದ ಈ ಮಣ್ಣಿಗೆ ಹೊಂದಿಕೊಂಡ ಗುಣಗಳು ಒಮ್ಮೆ ಕಳೆದರೆ ಯಾವ ಪ್ರಯೋಗಶಾಲೆಯೂ ಮರಳಿ ಕಟ್ಟಲಾರದು. ನಾಟಿ ತಳಿಯ ಹೋರಿಗಳ ವೀರ್ಯವನ್ನೂ ಅದೇ ಸಾರಜನಕದ ಜಾಡಿಯಲ್ಲಿ ಕಾಪಾಡುವುದು ಇದಕ್ಕಾಗಿ.

ಹೆಣ್ಣುಕರುವೇ ಬೇಕೆಂದರೆ

ಟ್ರ್ಯಾಕ್ಟರು ಬಂದ ಮೇಲೆ ಎತ್ತಿನ ಬೇಡಿಕೆ ಇಳಿಯಿತು. ಹಾಲುಗಾರನಿಗೆ ಬೇಕಾದದ್ದು ಹೆಣ್ಣುಕರು. ಹಸುವಿನ ಜೀವಕೋಶದಲ್ಲಿ 60 ವರ್ಣತಂತುಗಳಿದ್ದು ವೀರ್ಯಾಣುವಿಗೆ 30 ಬರುತ್ತವೆ. ಅವುಗಳಲ್ಲಿ ಒಂದು ಎಕ್ಸ್ ಆದರೆ ಹೆಣ್ಣು, ವೈ ಆದರೆ ಗಂಡು. ಎಕ್ಸ್ ತಂತು ದೊಡ್ಡದಾದ್ದರಿಂದ ಅದನ್ನು ಹೊತ್ತ ವೀರ್ಯಾಣುವಿನಲ್ಲಿ ಡಿ.ಎನ್.ಎ. ನೂರಕ್ಕೆ ಸುಮಾರು ನಾಲ್ಕರಷ್ಟು ಹೆಚ್ಚು. ಡಿ.ಎನ್.ಎ.ಗೆ ಅಂಟುವ ಬಣ್ಣವನ್ನು ಕೊಟ್ಟು ಲೇಸರ್ ಬೆಳಕಿನ ಮುಂದೆ ಒಂದೊಂದೇ ವೀರ್ಯಾಣುವನ್ನು ಹಾಯಿಸಿದರೆ ಎಕ್ಸ್ ಉಳ್ಳದ್ದು ತುಸು ಹೆಚ್ಚು ಹೊಳೆಯುತ್ತದೆ. ಆ ಹೊಳಪಿನ ಆಧಾರದಿಂದ ಹನಿಗಳಿಗೆ ವಿದ್ಯುದಂಶ ಕೊಟ್ಟು ಅವನ್ನು ಬೇರೆ ಬೇರೆ ಪಾತ್ರೆಗಳಿಗೆ ತಿರುಗಿಸುತ್ತಾರೆ. 1989ರಲ್ಲಿ ಅಮೆರಿಕದ ಜಾನ್ಸನ್ ಮೊಲಗಳಲ್ಲಿ ತೋರಿಸಿಕೊಟ್ಟ ಈ ಉಪಾಯದಿಂದ ಈಗ 100ರಲ್ಲಿ ಸುಮಾರು 90 ಹೆಣ್ಣುಕರುಗಳನ್ನು ಪಡೆಯಬಹುದು. ಆದರೆ ಬೇರ್ಪಡಿಸುವಾಗ ವೀರ್ಯಾಣುಗಳು ಬಳಲುವುದರಿಂದ ಗಬ್ಬ ನಿಲ್ಲುವ ಪ್ರಮಾಣ ಸ್ವಲ್ಪ ಕಡಿಮೆ, ಬೆಲೆಯೂ ಹೆಚ್ಚು.

ಒಂದೇ ತಂದೆಯ ಅಪಾಯ

ಒಂದು ಹೋರಿಗೆ ಸಾವಿರಾರು ಮಕ್ಕಳಾಗುವುದು ಲಾಭವೂ ಹೌದು, ಭಯವೂ ಹೌದು. 1962ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಪಾನೀ ಫಾರ್ಮ್ ಆರ್ಲಿಂಡಾ ಚೀಫ್ ಎಂಬ ಹೋಲ್‌ಸ್ಟೀನ್ ಹೋರಿಗೆ 16,000 ಹೆಣ್ಣುಮಕ್ಕಳಾದವು. ಹಾಲಿನ ಇಳುವರಿ ಅದರಿಂದ ಬಹಳ ಏರಿತು. ಆದರೆ ಅದರ ಒಂದು ಜೀನಿನಲ್ಲಿ ದೋಷವಿತ್ತು. ದೋಷವು ತಂದೆತಾಯಿ ಇಬ್ಬರಿಂದಲೂ ಬಂದಲ್ಲಿ ಭ್ರೂಣವು ಗರ್ಭದಲ್ಲೇ ಸಾಯುತ್ತಿತ್ತು. ಅದರ ವಂಶ ಲೋಕವೆಲ್ಲ ಹರಡಿ, ಬಂಧುಗಳೇ ಪರಸ್ಪರ ಕೂಡತೊಡಗಿದಾಗ ಗರ್ಭಪಾತಗಳು ಹೆಚ್ಚಿದವು. ಜೀನನ್ನು ನಿಖರವಾಗಿ ಗುರುತಿಸಿದ ವಿಜ್ಞಾನಿಗಳು 2016ರಲ್ಲಿ ಮಾಡಿದ ಅಂದಾಜಿನಂತೆ ಹೀಗೆ ನಷ್ಟವಾದ ಗರ್ಭಗಳ ಸಂಖ್ಯೆ 5 ಲಕ್ಷಕ್ಕೂ ಹೆಚ್ಚು.

ಇದು ದೂರದೇಶದ ಕತೆಯೆಂದು ನಾವು ಸುಮ್ಮನಿರುವಂತಿಲ್ಲ. ಹೆಪ್ಪುಗಟ್ಟಿದ ವೀರ್ಯ ಕೆಡುವುದಿಲ್ಲ. ಇಂದು ಒಂದು ಹಸುವಿಗೆ ಬಳಸಿದ ಹೋರಿಯ ವೀರ್ಯವೇ ಎರಡು ಮೂರು ವರ್ಷಗಳ ಅನಂತರ ಅದೇ ಹಸುವಿನ ಮಗಳಿಗೂ ಬರಬಹುದು. ಆಗ ತಂದೆಯೇ ಮಗಳ ಕರುವಿಗೂ ತಂದೆಯಾಗುತ್ತಾನೆ. ಹಿಂದೆ ಊರಹೋರಿಯಾದರೆ ಎಲ್ಲರ ಕಣ್ಣೆದುರಿಗಿತ್ತು. ಯಾವ ಕರು ಯಾರದೆಂದು ಹಿರಿಯರು ಹೇಳುತ್ತಿದ್ದರು. ಈಗ ತಂದೆ ಕಾಣದವನಾದ್ದರಿಂದ ಕಾಗದವೇ ಅದನ್ನು ಹೇಳಬೇಕು. ಇದಕ್ಕೆ ದೊಡ್ಡ ಯಂತ್ರವೇನೂ ಬೇಕಿಲ್ಲ. ಪ್ರತಿಯೊಂದು ಕೊಳವೆಯ ಮೇಲೂ ಹೋರಿಯ ಸಂಖ್ಯೆ ಅಚ್ಚಾಗಿರುತ್ತದೆ. ಬೆದೆ ಕಂಡ ದಿನ ಮತ್ತು ಹೊತ್ತು, ಗರ್ಭಧಾರಣೆಯ ದಿನ, ಹೋರಿಯ ಸಂಖ್ಯೆ, ಈದ ದಿನ ಇಷ್ಟನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟರೆ ಸಾಕು. 21 ದಿನಗಳ ಅನಂತರ ಹಸುವನ್ನು ಮತ್ತೆ ಗಮನಿಸಬೇಕಾದ ದಿನವೂ ಅದರಿಂದಲೇ ತಿಳಿಯುತ್ತದೆ. ಮನೆಯಲ್ಲಿಯೋ ನೆರೆಯಲ್ಲಿಯೋ ಹಸುವಿರುವ ವಿದ್ಯಾರ್ಥಿಯೊಬ್ಬನು ಈ ಲೆಕ್ಕವನ್ನು ಇಡಲು ಆರಂಭಿಸಿದರೆ, ಶಾಲೆಯಲ್ಲಿ ಓದಿದ ಜೀವಶಾಸ್ತ್ರವು ಆ ಮನೆಯ ಹಾಲಿಗೂ ಮುಂದಿನ ಪೀಳಿಗೆಯ ಕರುಗಳಿಗೂ ಪ್ರಯೋಜನಕ್ಕೆ ಬರುವುದು.